ಗಾಳಿ ಅಳೆಯುವ ಓಬಳೇಶಪ್ಪ

ಓಬಳೇಶಪ್ಪ ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದುದು ಮನೆಯವರ ಮುಖವನ್ನಲ್ಲ, ಮರದ ತುದಿಯನ್ನು. ಅಂಗಳದಲ್ಲಿ ನಿಂತು, ಕತ್ತು ಹಿಂದಕ್ಕೆ ಚೆಲ್ಲಿ, ಬೇವೋ ಹುಣಸೆಯೋ ಯಾವುದು ಎತ್ತರವಾಗಿದೆಯೋ ಅದರ ನೆತ್ತಿಯ ಕೊಂಬೆಗಳು ಒಂದೇ ದಿಕ್ಕಿಗೆ ಬಾಗಿ ಬೆಳೆದಿವೆಯೇ ಎಂದು ಸಾವಧಾನವಾಗಿ ಪರೀಕ್ಷಿಸಿ, ಆಮೇಲೆ ಚಪ್ಪಲಿ ಬಿಡುತ್ತಿದ್ದರು. ನೀರು ತಂದವರು ಚೊಂಬು ಹಿಡಿದು ಕಾಯಬೇಕು. ಕಡು ಬೇಸಿಗೆಯಲ್ಲೂ ಗುಂಡಿ ಬಿಚ್ಚದ ಖಾಕಿ ಕೋಟು, ಅದರ ಒಳಜೇಬಿನಲ್ಲಿ ರಟ್ಟಿನ ನೋಟುಬುಕ್ಕು, ಹೊರಜೇಬಿನಲ್ಲಿ ಟೆಸ್ಟರು. ನಡಿಗೆ ಮಾತ್ರ ಸ್ವಲ್ಪ ಅಡ್ಡಡ್ಡ, ಎಡಭುಜ ಮುಂದೆ. ಗಾಳಿಯೇ ಇಲ್ಲದ ದಿನವೂ ಗಾಳಿಗೆ ಎದುರಾಗಿ ಹೋಗುವವರ ಹಾಗೆ.

ಹಿಂದೂಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದು ಮೋಟಾರ್ ವೈಂಡಿಂಗ್ ಅಂಗಡಿ. ಗೋರಂಟ್ಲದ ಕಡೆಯಿಂದ, ಸೋಮಂದೇಪಲ್ಲಿಯ ಕಡೆಯಿಂದ ಸುಟ್ಟ ಪಂಪ್‌ಸೆಟ್ ಮೋಟಾರುಗಳು ಎತ್ತಿನ ಗಾಡಿಯಲ್ಲಿ ಬಂದು ಬೀಳುತ್ತಿದ್ದವು. ತಾಮ್ರದ ತಂತಿಯನ್ನು ಸುತ್ತು ಎಣಿಸುತ್ತಾ ಸುತ್ತುವುದು ಇಪ್ಪತ್ತು ವರ್ಷಗಳ ಕೆಲಸ. ಎಪ್ಪತ್ತರ ದಶಕದ ಕೊನೆಯಲ್ಲಿ, ಮಾಳಿಗೆಯ ಮೇಲೆ ಫ್ಯಾನು ನೆಟ್ಟು ಗಾಳಿಯಿಂದಲೇ ಮನೆಗೆ ದೀಪ ಮಾಡಿಕೊಳ್ಳಬಹುದು ಎಂಬ ಸುದ್ದಿ ಪತ್ರಿಕೆಗಳಲ್ಲಿ ಓಡಾಡತೊಡಗಿದಾಗ, ಅನುಕೂಲಸ್ಥರು ಇವರನ್ನೇ ಬಂದು ಕೇಳಿದರು: ನಮ್ಮ ಮನೆಗೆ ಅದು ಆಗುತ್ತದೆಯೇ? ಮೋಟಾರು ತಿಳಿದವನಿಗೆ ಡೈನಮೋ ತಿಳಿದಿರುತ್ತದೆ ಎಂಬುದು ಅವರ ಲೆಕ್ಕ. ಓಬಳೇಶಪ್ಪನವರಿಗೆ ಡೈನಮೋ ತಿಳಿದಿತ್ತು, ಗಾಳಿ ತಿಳಿದಿರಲಿಲ್ಲ. ತಿಳಿಯದ್ದನ್ನು ತಿಳಿಯದು ಎಂದು ಒಪ್ಪಿಕೊಂಡು, ಅವರು ಅಳೆಯಲು ಕೂತರು.

ಅಳತೆಯ ಯಂತ್ರ ಸ್ವಂತದ್ದು. ಸೈಕಲ್ ಚಕ್ರದ ನಡುವಿನ ಹಬ್ಬಿಗೆ ನಾಲ್ಕು ತೋಳು, ತೋಳಿನ ತುದಿಗೆ ಒಂದೊಂದು ತೆಂಗಿನ ಚಿಪ್ಪು, ಕೆಳಗೆ ಸುತ್ತು ಎಣಿಸುವ ಸೈಕಲ್ ಮೀಟರು. ಚಿಪ್ಪು ಎಷ್ಟು ಸುತ್ತಿದರೆ ಗಾಳಿಯ ವೇಗ ಎಷ್ಟು ಎಂದು ಗೊತ್ತುಮಾಡಿಕೊಳ್ಳಲು, ಎಲೆ ಅಲ್ಲಾಡದ ಒಂದು ಬೆಳಗ್ಗೆ ಲೇಪಾಕ್ಷಿ ರಸ್ತೆಯಲ್ಲಿ ಪರಿಚಯದ ಲಾರಿಯ ನೆತ್ತಿಯ ಮೇಲೆ ಅದನ್ನು ಹಿಡಿದು ಕೂತು, ಹತ್ತು ಮೈಲಿ, ಇಪ್ಪತ್ತು ಮೈಲಿ ಎಂದು ಡ್ರೈವರನಿಂದ ಕೂಗಿಸಿ ಬರೆದುಕೊಂಡಿದ್ದರು. ಇಂಥ ಮೂರು ನಾಲ್ಕು ಯಂತ್ರ ಮಾಡಿಕೊಂಡಿದ್ದರು; ಒಂದನ್ನು ಒಂದು ಮನೆಯಲ್ಲಿ ನೆಟ್ಟರೆ ಪೂರ್ತಿ ಒಂದು ವರ್ಷ ಕೀಳುತ್ತಿರಲಿಲ್ಲ. ಆಷಾಢದ ಗಾಳಿ ನೋಡಿ ಮರುಳಾದವರೇ ಎಲ್ಲರೂ. ಕಾರ್ತಿಕದಿಂದ ಮಾಘದವರೆಗೆ ಏನಿರುತ್ತದೆ ಎಂಬುದನ್ನು ಯಾರೂ ನೆನಪಿಡುವುದಿಲ್ಲ. ಗಾಳಿ ಅರ್ಧವಾದರೆ ಕರೆಂಟು ಅರ್ಧವಾಗುವುದಿಲ್ಲ, ಎಂಟರಲ್ಲಿ ಒಂದು ಪಾಲಾಗುತ್ತದೆ ಎಂಬ ಕ್ರೂರ ಗಣಿತವನ್ನು ಅವರು ಯಾರಿಗೂ ನಂಬಿಸಲಾಗದೆ, ಎಲ್ಲ ಜಂಬಕ್ಕೂ ಒಂದೇ ತೆಲುಗು ಪ್ರಶ್ನೆ ಇಟ್ಟುಕೊಂಡಿದ್ದರು: "ಎಂತಸೇಪು?" ಎಷ್ಟು ಹೊತ್ತು?

ಸೋಮಂದೇಪಲ್ಲಿಯ ಎಣ್ಣೆಗಿರಣಿಯ ಆದಿನಾರಾಯಣನವರು ಇದಕ್ಕೆ ಕೆರಳಿದ್ದುಂಟು.

"ಏನಯ್ಯಾ ನೀನು! ನಮ್ ಮಾಳಿಗೆ ಮ್ಯಾಗೆ ಒಣಗಾಕಿದ್ದ ಪಂಚೆ ಪೆನುಕೊಂಡದಾಗೆ ಸಿಕ್ತದೆ, ಗಾಳಿ ಸಾಲ್ದು ಅಂತೀಯಲ್ಲ?"

"ಎಂತಸೇಪು, ಸ್ವಾಮಿ? ಪಂಚೆ ಹಾರಾಕೆ ಒಂದ್ ನಿಮಿಷ ಸಾಕು. ಬಲ್ಬು ಮೂರ್ ಗಂಟೆ ಉರೀಬೇಕು."

ಹೀಗೆ ಹದಿಮೂರು ಮನೆಗಳನ್ನು ಅಳೆದು, ಹನ್ನೊಂದಕ್ಕೆ ಆಯಾ ಮನೆಯ ನೋಟುಬುಕ್ಕಿನ ಕೊನೆಯ ಪುಟದಲ್ಲಿ 'ಬೇಡ' ಎಂದು ಬರೆದು ಸಹಿ ಮಾಡಿ ಕೊಟ್ಟಿದ್ದರು. ಫ್ಯಾನು ಹಾಕಿಸಿದ್ದರೆ ಕೆಲಸವೂ ಅವರಿಗೇ ಬರುತ್ತಿತ್ತು ಎಂಬುದು ತಿಳಿದಿದ್ದರಿಂದ, 'ಬೇಡ' ಎನಿಸಿಕೊಂಡವರು ಕೂಡ ಅವರನ್ನು ನಂಬುತ್ತಿದ್ದರು.

ಹದಿನಾಲ್ಕನೆಯ ಮನೆ ಹೆಂಡತಿಯದು.

ಗೌರಕ್ಕ ಅವರ ಸ್ವಂತ ಅಕ್ಕನ ಮಗಳು. ಮದುವೆಯಾದ ಮೇಲೂ 'ಮಾವ' ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷ ಹಿಂದೂಪುರದಲ್ಲಿ ಒಟ್ಟಿಗೆ ಸಂಸಾರ ಮಾಡಿದವರು, ಎಪ್ಪತ್ತನಾಲ್ಕರಲ್ಲಿ ಅಪ್ಪ ಈರಲಿಂಗಪ್ಪನಿಗೆ ಕಣ್ಣು ಮಂಜಾಯಿತೆಂದು ಒಂದು ಬಿತ್ತನೆ ಮುಗಿಸಿ ಬರಲು ಬೆಳುಗುಪ್ಪದ ಆಚೆಯ ಹೊಲದ ಮನೆಗೆ ಹೋದರು. ಒಂದು ಬಿತ್ತನೆ ಐದಾಯಿತು. ಅಪ್ಪ ತೀರಿಕೊಂಡ ಮೇಲೂ ಹೊಲ ಅವರನ್ನು ಬಿಡಲಿಲ್ಲ, ಅವರು ಹೊಲವನ್ನು ಬಿಡಲಿಲ್ಲ. ಗಂಡಹೆಂಡಿರ ನಡುವೆ ಜಗಳವಾಗಿರಲಿಲ್ಲ, ತೊಡಕು ಅದೇ. ಜಗಳವಾಗಿದ್ದರೆ ರಾಜಿಗೆ ಯಾರಾದರೂ ಕೂರುತ್ತಿದ್ದರು. ವರ್ಷಕ್ಕೆ ಎರಡು ಸಲ ಓಬಳೇಶಪ್ಪ ಪೆನುಕೊಂಡ, ಕಲ್ಯಾಣದುರ್ಗ, ಬೆಳುಗುಪ್ಪ ಎಂದು ಮೂರು ಬಸ್ಸು ಬದಲಿಸಿ ಹೋಗಿ, ಮೂರು ದಿನ ಇದ್ದು ಬರುತ್ತಿದ್ದರು. ನಾಲ್ಕನೆಯ ದಿನ ಬಸ್ಸಿನ ಕಿಟಕಿಯಲ್ಲಿ ಹೊಲದ ಹಿಂದಿನ ಗುಡ್ಡ ಮರೆಯಾಗುವವರೆಗೂ ಹಿಂದಕ್ಕೆ ತಿರುಗಿ ಕೂತಿರುತ್ತಿದ್ದರಂತೆ.

"ಅಂಗಡೀನ ಇಲ್ಲಿಗೇ ತಂದ್ಬುಡು ಮಾವ," ಎಂದಿದ್ದರು ಗೌರಕ್ಕ. "ಇಲ್ಲೂ ಮೋಟಾರ್ ಸುಡ್ತವೆ."

"ಕರೆಂಟಿಲ್ದೆ ಸುತ್ತಿದ್ ಮೋಟಾರ್ನ ಟೆಸ್ಟ್ ಹೆಂಗ್ ಮಾಡ್ಲಿ? ವಾರ್ನಿಷ್ ಒಣಗಾಕೆ ಬಲ್ಬ್ ಬೇಕು."

"ಊರೋರಿಗೆಲ್ಲಾ ಗಾಳಿ ಅಳ್ದ್ ಕೊಡ್ತೀಯಲ್ಲ. ನನ್ ಮನೇದೂ ಅಳಿ."

ಎಂಬತ್ತಮೂರರ ಯುಗಾದಿ ಮುಗಿದ ವಾರ ಹೊಲದ ಮನೆಯ ಮುಂದೆ ಚಿಪ್ಪಿನ ಯಂತ್ರದ ಕಂಬ ನೆಟ್ಟರು. ದಿನಕ್ಕೆ ಮೂರು ಸಲ ಮೀಟರು ನೋಡಿ ಬರೆಯುವುದನ್ನು ಗೌರಕ್ಕನಿಗೆ ಕಲಿಸಿದರು. ವರ್ಷ ತುಂಬಿದ ಮೇಲೆ ಫ್ಯಾನಿನ ಜೊತೆಗೇ ಬತ್ತೀನಿ, ಅಲ್ಲಿವರೆಗೆ ಬರಾಕಿಲ್ಲ ಎಂದು, ಹರಕೆ ಹೊತ್ತವರ ಹಾಗೆ ಹೇಳಿ ಹೊರಟರು.

ತಿಂಗಳಿಗೊಂದು ಕಾರ್ಡು ಬರುತ್ತಿತ್ತು. ಕಾರ್ಡಿನ ತುಂಬ ಇರುವೆ ಸಾಲಿನಂಥ ಅಂಕಿಗಳು, ತುದಿಯಲ್ಲಿ ಜಾಗ ಉಳಿದರೆ ಒಂದು ಮಾತು. 'ಕರಿ ಹಸು ಈದಿದೆ.' 'ಎರಡು ದಿನ ಜ್ವರ, ಆದರೂ ಬರೆದಿದ್ದೇನೆ.' ಓಬಳೇಶಪ್ಪ ಅಂಕಿಗಳನ್ನು ನೋಟುಬುಕ್ಕಿಗೆ ಇಳಿಸಿಕೊಂಡು, ಆ ಒಂದು ಮಾತನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ, ಕಾರ್ಡನ್ನೇ ಕೋಟಿನ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಆಷಾಢದ ಅಂಕಿ ದೊಡ್ಡದಿತ್ತು; ಅದು ಎಲ್ಲೆಡೆ ದೊಡ್ಡದೇ. ಕಾರ್ತಿಕದ್ದೂ ಪರವಾಗಿಲ್ಲ ಎನ್ನುವಂತಿತ್ತು. ಜೀವನದಲ್ಲಿ ಮೊದಲ ಸಲ ಅವರು ವರ್ಷ ತುಂಬುವ ಮೊದಲೇ ಬಡಗಿಯಿಂದ ಫ್ಯಾನಿನ ರೆಕ್ಕೆ ಕೆತ್ತಿಸಿದರು. ಅಂಗಡಿಯ ಮಳಿಗೆ ಬಾಡಿಗೆಗೆ ಕೊಟ್ಟಿದ್ದ ಜಯರಾಮಪ್ಪನಿಗೆ, ಯುಗಾದಿಗೆ ಬಿಟ್ಟುಬಿಡುತ್ತೇನೆ ಎಂದು ಹೇಳಿಯೂಬಿಟ್ಟರು.

ಆಮೇಲೆ ಪುಷ್ಯದ ಕಾರ್ಡು ಬಂತು. ಹಿಂದೂಪುರದಲ್ಲಿ ಹೊಗೆ ನೆಟ್ಟಗೆ ಏಳುತ್ತಿದ್ದ ದಿನಗಳಲ್ಲಿ ಗೌರಕ್ಕನ ಅಂಗಳದಲ್ಲಿ ಚಿಪ್ಪು ಗಂಟೆಗೆ ಸಾವಿರಾರು ಸುತ್ತು ತಿರುಗಿತ್ತು. ಬೇರೆಯವರ ಮನೆಯಾಗಿದ್ದರೆ ಅಂಕಿ ಸರಿಯೇ ಎಂದು ನೋಡಲು ಅಂದೇ ಹೊರಡುತ್ತಿದ್ದರು. ಇದನ್ನು ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ನಿಜವಿದ್ದೀತು ಎಂದು ಅಷ್ಟು ಹೊತ್ತಾದರೂ ಅಂದುಕೊಳ್ಳುವ ಆಸೆಗೆ. ಐದನೆಯ ದಿನ ಬಸ್ಸು ಹತ್ತಿದರು.

ಅಂಗಳದಲ್ಲಿ ಕಂಬವಿರಲಿಲ್ಲ. ಮನೆಯ ಹಿಂದಿನ ಬಂಡೆ ದಾಟಿ ದಿಬ್ಬ ಹತ್ತಿದರೆ, ಒಕ್ಕಣೆಯ ಕಣದ ಅಂಚಿನಲ್ಲಿ ಅದು ಚೆಂದವಾಗಿ ತಿರುಗುತ್ತಿತ್ತು. ಪಕ್ಕದಲ್ಲೇ ಗೌರಕ್ಕ, ಪಕ್ಕದ ಹೊಲದ ಪೋಲಮ್ಮ, ಇಬ್ಬರೂ ಮೊರ ಎತ್ತಿ ಹುರುಳಿ ತೂರುತ್ತಿದ್ದರು.

"ಇದನ್ಯಾಕೆ ಇಲ್ಲಿಗೆ ತಂದೆ, ಗೌರಿ?"

"ಇನ್ನೆಲ್ಲಿಕ್ಕಲಿ? ಗಾಳಿ ಅಳೀಬೇಕು ಅಂದೋನು ನೀನೇ. ಮನೆ ತಾವ ಗಾಳಿ ಎಲ್ಲೈತೆ? ಆಷಾಢದಾಗೆ ಸೂರು ಹಾರ್ಬಾರ್ದು ಅಂತ ನಮ್ ತಾತ ಬಂಡೆ ಮರೇಲಿ ಮನೆ ಕಟ್ಟಿದ್ದು. ಗಾಳಿ ಬೇಕು ಅಂತ್ಲೇ ಕಣ ಇಲ್ಲಿ ಮಾಡಿದ್ದು. ನೀನ್ ಹೋದ್ ಹದಿನೈದು ದಿನಕ್ಕೇ ಕಿತ್ಕಂಡ್ ಬಂದೆ."

ಆಕೆಯ ಮುಖದಲ್ಲಿ ಕಳ್ಳತನವಿರಲಿಲ್ಲ, ಹೆಮ್ಮೆಯಿತ್ತು. ಗಾಳಿ ಬೇಕಾದವರು ಗಾಳಿ ಇದ್ದಲ್ಲಿಗೆ ಹೋಗಬೇಕು. ಒಕ್ಕುವವರಿಗೆಲ್ಲ ಗೊತ್ತಿರುವ ಸಂಗತಿ. ಕಣದಿಂದ ಮನೆಗೆ ಎರಡು ಫರ್ಲಾಂಗು. ಹನ್ನೆರಡು ವೋಲ್ಟಿನ ಕರೆಂಟು ಅಷ್ಟು ದೂರದ ತಂತಿಯಲ್ಲಿ ಇಳಿದು ಬರುವಷ್ಟರಲ್ಲಿ ಸತ್ತೇಹೋಗುತ್ತದೆ ಎಂದು ಓಬಳೇಶಪ್ಪ ನಿಧಾನವಾಗಿ ವಿವರಿಸಿದರು.

"ಬ್ಯಾಟ್ರಿ ಇಲ್ಲೇ ತುಂಬ್ಸಿ ಹೊತ್ಕಂಡ್ ಹೋಯ್ತೀನಿ ಬುಡು."

"ಅರೆ ಮೂಟೆ ಭಾರ ಅದು. ದಿನಾನಾ?"

"ನೀರು ಹೊರಾಕಿಲ್ವಾ ದಿನಾ?"

ಓಬಳೇಶಪ್ಪ ಕಂಬ ಕಿತ್ತು, ಹೆಗಲ ಮೇಲೆ ಹೊತ್ತು ಇಳಿದು, ಮತ್ತೆ ಅಂಗಳದಲ್ಲಿ ನೆಟ್ಟರು. ಅಲ್ಲಿ ಚಿಪ್ಪು ಸಂಜೆಯವರೆಗೂ ಮಗ್ಗುಲು ಬದಲಿಸಿದಂತೆ ಒಂದೆರಡು ಸಲ ಹೊರಳಿತು, ಅಷ್ಟೆ. ಕೊನೆಯ ಪುಟಕ್ಕೆ ಬರೆಯಬೇಕಾದ ಮಾತು ಇಬ್ಬರಿಗೂ ಗೊತ್ತಾಗಿತ್ತು. ಓಬಳೇಶಪ್ಪ ನೋಟುಬುಕ್ಕು ತೆರೆದರು, ಮುಚ್ಚಿದರು.

"ಇಲ್ಲೂ ಒಂದ್ ವರ್ಷ ನೋಡ್ಬೇಕು," ಎಂದರು.

ಆ ಒಂದು ವರ್ಷ ಆರಾಯಿತು. ಅಂಗಡಿಯನ್ನು ಜಯರಾಮಪ್ಪನಿಂದ ಮತ್ತೆ ಕೇಳಿ ಪಡೆದರು. ಆದರೆ ವರ್ಷಕ್ಕೆರಡು ಸಲ ಹೋಗುತ್ತಿದ್ದವರು ಈಗ ತಿಂಗಳು ತಿಂಗಳೂ, ಹಬ್ಬಿಗೆ ಎಣ್ಣೆ ಬಿಡಬೇಕೆಂಬ ಕಾರಣ ಹೇಳಿ, ಮೂರು ಬಸ್ಸು ಹತ್ತುತ್ತಿದ್ದರು. ಪೋಲಮ್ಮ ಬೇಲಿಯಾಚೆಯಿಂದ ಬಿಡುತ್ತಿರಲಿಲ್ಲ.

"ಏನ್ ಗೌರಕ್ಕ, ನಿನ್ ಗಂಡ ಚಿಪ್ಪಿಗೆ ಎಣ್ಣೆ ಬುಡಾಕೆ ಬತ್ತಾನೋ, ನಿನ್ ನೋಡಾಕೆ ಬತ್ತಾನೋ?"

"ಚಿಪ್ಪಿಗೇ ಕಣಮ್ಮ. ನಾನೇನ್ ತುಕ್ಕು ಹಿಡ್ದಿಲ್ವಲ್ಲ."

ನಗುತ್ತಿದ್ದರು. ಆಮೇಲೆ ಗೌರಕ್ಕ, ಗಂಡ ಬಂದಾಗ ಉಡಲೆಂದೇ ಎತ್ತಿಟ್ಟ ಸೀರೆಯನ್ನು ಉಟ್ಟು ಅಡುಗೆಗೆ ಕೂರುತ್ತಿದ್ದರು. ಮೂರು ದಿನದ ಮಾತೆಲ್ಲ ಗಾಳಿಯದೇ: ಯಾವ ದಿನ ಎಷ್ಟಿತ್ತು, ಯಾವ ದಿಕ್ಕಿನಿಂದ ಬಂತು, ಯಾಕೆ ನಿಂತಿತು.

ಎಂಬತ್ತೊಂಬತ್ತರಲ್ಲಿ ಕರೆಂಟಿನ ಕಂಬಗಳು ಹೊಲದ ಮನೆಯವರೆಗೂ ಬಂದವು. ವೈರಿಂಗನ್ನು ಓಬಳೇಶಪ್ಪನವರೇ ಮಾಡಿದರು. ಅಂಗಡಿಗೆ ಆಗುವಂತೆ ಪಡಸಾಲೆಯಲ್ಲಿ ಒಂದು ಬೋರ್ಡನ್ನೂ ಕೂರಿಸಿದರು. ಗೌರಕ್ಕ ಸ್ವಿಚ್ಚು ಒತ್ತಿದರು. ಹಗಲು ಬೆಳಕಿನಲ್ಲಿ ಬಲ್ಬು ಉರಿಯಿತು. ಆಕೆ ಅದನ್ನು ಆರಿಸದೆ, ಅದರ ಕೆಳಗೇ ನಿಂತು ಹೇಳಿದರು:

"ಕರೆಂಟ್ ಬಂತಲ್ಲ ಮಾವ. ಇನ್ ಬಂದ್ಬುಡು."

ಓಬಳೇಶಪ್ಪ ಬಲ್ಬನ್ನು ನೋಡಿದರು. ಅದು ಒಮ್ಮೆ ಮಂಕಾಗಿ, ಮತ್ತೆ ಸರಿಹೋಯಿತು. ಹದಿನೈದು ವರ್ಷ ಬಯಸಿದ ಮಾತು ಎದುರಿಗೆ ಬಂದು ನಿಂತಾಗ ಅವರ ಕೈ, ತಮಗೇ ತಿಳಿಯದಂತೆ, ಕೋಟಿನ ಒಳಜೇಬಿಗೆ ಹೋಯಿತು.

"ವೋಲ್ಟೇಜ್ ಹೆಂಗಿರ್ತದೋ," ಎಂದರು. "ಒಂದ್ ವರ್ಷ ನೋಡಾನ, ಗೌರಿ."

ಈ ಸಲ ಗೌರಕ್ಕ ನಗಲಿಲ್ಲ. "ನೋಡು. ನೋಟ್‌ಬುಕ್ ನಿಂದೇ," ಎಂದು ಹೇಳಿ, ಗಂಡನಿಗೆ ಬಸ್ಸಿನ ಹೊತ್ತಾಗುತ್ತದೆಂದು ಮುದ್ದೆಗೆ ಎಸರಿಟ್ಟರು.

ಇದಾಗಿ ಮೂರು ವರ್ಷ. ಹಿಂದೂಪುರದ ಅಂಗಡಿ ನಡೆಯುತ್ತಿದೆ, ತಿಂಗಳಿಗೊಮ್ಮೆ ಮೂರು ಬಸ್ಸೂ ನಡೆಯುತ್ತವೆ. ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಅವರಿಗೆ ಪ್ರೀತಿ ಕಡಿಮೆ ಎನ್ನುವವರು ಅವರು ಬಸ್ಸಿನಲ್ಲಿ ಕೂತಿರುವುದನ್ನು ನೋಡಿಲ್ಲ. ಅವರು ಸುಳ್ಳು ಹೇಳುವುದಿಲ್ಲ, ಲಾಭಕ್ಕೆ ಅಳತೆ ತಿದ್ದುವುದಿಲ್ಲ, ಅವರ 'ಬೇಡ'ವನ್ನು ನಂಬಿದ ಯಾರೂ ಕೆಟ್ಟಿಲ್ಲ. ಎಲ್ಲರಿಗೂ ಸರಿಯಾದ ಉತ್ತರ ಕೊಟ್ಟು ರೂಢಿಯಾದ ಇವರಿಗೆ, ತಮಗೆ ಮಾತ್ರ ತಪ್ಪಬಹುದಾದ ಒಂದು ಉತ್ತರವನ್ನು ಕೊಟ್ಟುಕೊಳ್ಳುವ ಧೈರ್ಯ ಬರುವುದಿಲ್ಲ. ಲೋಕ ಇವರಿಗೆ ಕೃತಜ್ಞವಾಗಿರುತ್ತದೆ. ಎಲ್ಲೋ ಒಂದು ಮನೆಯಲ್ಲಿ, ಇವರ ಲೆಕ್ಕ ಮುಗಿಯಲಿ ಎಂದು, ಒಬ್ಬರಿಗೆ ವಯಸ್ಸಾಗುತ್ತಿರುತ್ತದೆ.