ಕೆಂಪು ಹಳ್ಳದ ಸಾಕ್ಷಿ

ಏಳು ಕೆರೆಗಳ ಆಚೆಗೊಂದು ಊರು, ಆ ಊರಿಗೊಬ್ಬ ರಾಜ. ಯಾರೂ ಕಾಣದಂತೆ ಕೊಲೆ ಮಾಡಿ ಹಳ್ಳದಲ್ಲಿ ಕೈ ತೊಳೆದ. ಹಳ್ಳ ಕೆಂಪಾಯಿತು. ಅವನು ಹೋದಲ್ಲೆಲ್ಲ ಬೆನ್ನಿಗೇ ಹರಿದು ಬಂದು ಸಾಕ್ಷಿ ಹೇಳಿತು.

ಸ್ನೇಹಾ ಈ ಕತೆ ಕೇಳುತ್ತಲೇ ಬೆಳೆದವಳು. ಹೇಳುತ್ತಿದ್ದವಳು ಅಜ್ಜಿ ಕರೆವ್ವ. ತಾಯಿಯಿಲ್ಲದ ಮೊಮ್ಮಗಳನ್ನು ಬ್ಯಾಡಗಿಯ ಮನೆಯಲ್ಲಿ ಸಾಕಿದವಳು ಆಕೆ. ಓದಿಸಿದವನು ಆಕೆಯ ಮಗ, ಸೋದರಮಾವ ಪ್ರಭುಲಿಂಗಪ್ಪ. ಈಗ ಸ್ನೇಹಾ ರಾಣೆಬೆನ್ನೂರಿನ ಕಾಲೇಜಿನಲ್ಲಿ ಗೋವಿನಜೋಳದ ಬೆಂಡು ಸುಟ್ಟು, ಆ ಇದ್ದಿಲಿಗೆ ಕಬ್ಬಿಣದ ನ್ಯಾನೊ ಕಣ ಬೆರೆಸಿ, ಕರಿ ಕಾಳು ಮಾಡುತ್ತಾಳೆ. ಒಂದೊಂದು ಕಾಳಿನೊಳಗೂ ಕಣ್ಣಿಗೆ ಕಾಣದ ಸಾವಿರಾರು ತೂತು. ಬಣ್ಣದ ನೀರು ಹಾಯ್ದರೆ ಬಣ್ಣವೆಲ್ಲ ಆ ತೂತುಗಳಲ್ಲಿ ಹೊಕ್ಕು ಅಂಟಿಕೊಳ್ಳುತ್ತದೆ. ಅವಳ ಕಣ್ಣಿಗೆ ಅವು ಕಾಳಲ್ಲ, ಸಾವಿರ ಕೋಣೆಯ ಅರಮನೆಗಳು.

ಮನೆಗೆ ಹೊಂದಿಕೊಂಡಿದ್ದ ಮಾವನ ಖಾರದಪುಡಿ ಕಾರ್ಖಾನೆಯ ಹಿಂದಿನ ಹಳ್ಳ ಸುಗ್ಗಿಯಿಂದೀಚೆ ಕೆಂಪಗೆ ಹರಿಯುತ್ತಿತ್ತು. ಹಳ್ಳದ ಕೆಳಗೆ ಮನೆಯಿದ್ದ ದೌಲತಬಿ, ಕರೆವ್ವನ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಲೇ ಮುದುಕಿಯಾದವಳು, ಹಾವೇರಿಯ ಮಾಲಿನ್ಯ ನಿಯಂತ್ರಣ ಕಚೇರಿಗೆ ಹೋಗಿ ದೂರು ಕೊಟ್ಟಳು.

"ಕಾಯಿ ತೊಳದ ನೀರವ್ವ ಅದು," ಎಂದ ಮಾವ. "ನಿನ್ನ ಕರಿ ಕಾಳು ಹಾಕಿ ತಿಳಿ ಮಾಡಿಕೊಡು. ಸೋಮವಾರ ಸಾಹೇಬ್ರು ನೋಡಾಕ ಬರ್ತಾರ."

"ಮಾವ, ಬ್ಯಾಡಗಿ ಕಾಯಿ ಬಣ್ಣ ಎಣ್ಣ್ಯಾಗ ಬಿಡತೈತಿ, ನೀರಾಗ ಬಿಡಂಗಿಲ್ಲ. ಇದು ಅರಿವಿ ಬಟ್ಟಿಗೆ ಹಾಕೋ ಬಣ್ಣ. ಬಿಳಚಿದ ಕಾಯಿಗೆ ಇದನ್ನ ಹಚ್ಚಾಕತ್ತೀರೇನು?"

"ಭಾಳ ಶಾಣ್ಯಾಕಿ ಆಗೀದಿ. ಶಾಣ್ಯಾ ಮಾಡಿದಾವ ಯಾರು ಅನ್ನೂದು ನೆನಪೈತಿಲ್ಲ?"

ಸ್ನೇಹಾ ಅಡುಗೆಮನೆಗೆ ಓಡಿದಳು. "ಆಯಿ, ನೀನರ ಹೇಳು. ಮಂದಿ ತಿನ್ನೂ ಪುಡಿ ಅದು!"

ಕರೆವ್ವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. "ಮಾಡಿಕೊಡವ್ವ. ಓಣ್ಯಾಗ ತಲಿ ಎತ್ತಿ ತಿರುಗಾಕ ಆಗವಲ್ದು. ನನ್ನ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡು."

"ಮತ್ತ ಆ ರಾಜನ ಕತಿ?"

"ಆ ರಾಜಗ ತಾಯಿ ಇದ್ದಿದ್ದಿಲ್ಲ."

ನರೆತ ತಲೆಯ ಮೇಲೆ ಸ್ನೇಹಾ ಕೈಯಿಟ್ಟಳು.

ಭಾನುವಾರ ಕಾರ್ಖಾನೆಯ ಮೋರಿಯ ಬಾಯಿಗೆ ಕರಿ ಕಾಳು ತುಂಬಿದ ಡ್ರಮ್ಮುಗಳನ್ನಿಟ್ಟಳು. ಮೊದಲು ಬಂದ ನೀರು ಕೆಂಪೇ. ತನ್ನ ಕೆಲಸ ಕೆಟ್ಟಿತೆಂದು ಜೀವಮಾನದಲ್ಲಿ ಮೊದಲ ಸಲ ಅವಳಿಗೆ ಹಿಗ್ಗಾಯಿತು. ಆದರೆ ಕಾಳು ಮೆಲ್ಲಗೆ ಕಚ್ಚಿ ಹಿಡಿಯತೊಡಗಿತು. ನೀರು ಗುಲಾಬಿಯಾಯಿತು, ಮಾಸಲಾಯಿತು. ಬೆಳಗಾಗುವಷ್ಟರಲ್ಲಿ ಹಳ್ಳದ ತಳದ ಹರಳು ಕಾಣುತ್ತಿತ್ತು.

ಸಾಹೇಬರು ಗಾಜಿನ ಲೋಟದಲ್ಲಿ ನೀರು ತುಂಬಿ ಬೆಳಕಿಗೆ ಹಿಡಿದರು. "ಎಲ್ಲೈತಿ ಅಮ್ಮ, ಕೆಂಪು?"

"ಮೊನ್ನಿತನಕ ರಗತದಂಗ ಹರೀತಿತ್ರಿ! ಒಳಗ ಹೋಗಿ ಪುಡಿ ನೋಡ್ರಿ, ಸಾಹೇಬ್ರ," ಎಂದಳು ದೌಲತಬಿ.

"ನನ್ನ ಕಡೆ ಬಂದಿದ್ದು ಹಳ್ಳದ ದೂರು."

"ವಯಸ್ಸಾತ್ರಿ ಅಕಿಗೆ, ಕಣ್ಣು ಮಂಜ," ಎಂದು ಮಾವ ನಕ್ಕ. ಜೀಪು ಹೋಯಿತು.

ದೌಲತಬಿ ಅವನತ್ತ ತಿರುಗಲೂ ಇಲ್ಲ. ಸ್ನೇಹಾಳ ಕೈ ಹಿಡಿದು, ಕರಿ ಹತ್ತಿದ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಭಾಳ ಚಲೋ ವಿದ್ಯಾ ಕಲತೀದಿ, ಮಗಳ," ಎಂದು ಕೈಬಿಟ್ಟು ನಡೆದಳು.

ಹಿತ್ತಲ ಬಾಗಿಲಲ್ಲಿ ಕರೆವ್ವ ನಿಂತಿದ್ದಳು. ಗೆಳತಿ ಹೋದ ದಾರಿಯತ್ತ ಅವಳು ನೋಡಲಿಲ್ಲ. "ಆತಿಲ್ಲವ್ವ?"

ಸ್ನೇಹಾ ಡ್ರಮ್ಮಿನಿಂದ ಒಂದು ಹಿಡಿ ಕಾಳು ತೆಗೆದಳು. ಕಾಳು ಮೊದಲಿನಷ್ಟೇ ಕರ್ರಗಿತ್ತು. ಒಳಗೆ ಎಷ್ಟು ಕೆಂಪು ಹೊಕ್ಕಿದೆಯೋ, ಹೊರಗೆ ಒಂದಿಷ್ಟೂ ಕಾಣುತ್ತಿರಲಿಲ್ಲ.

"ಆತು, ಆಯಿ."