ಗುಡುಗಿದಾಗ ಕಿತ್ತಿಟ್ಟ ತಂತಿ

ನಾನಿಬಾಯಿಯ ಮಾತನ್ನು ಸಂಸ್ಥೆ ಅಳಿಸಿತು. ಹಾಡನ್ನು ಉಳಿಸಿಕೊಂಡಿತು.

ಹಿರಿಯರ ಹಾಡುಗಳನ್ನು ಸಂಗ್ರಹಿಸುವ ಸಂಸ್ಥೆ ಅದು, ಕಚೇರಿ ಹಳಿಯಾಳದಲ್ಲಿ. ಮಳಗಿ ಹತ್ತಿರದ ತಾಂಡಾದಿಂದ ನಾನಿಬಾಯಿ ಬಸ್ಸು ಹಿಡಿದು ಬಂದಿದ್ದಳು. ಮೈಕಿನ ಮುಂದೆ ಕೂತು ಮದುವೆಯ ಹಾಡು ಹೇಳಿದಳು. ಹಾಡು ಮುಗಿದರೂ ಏಳಲಿಲ್ಲ. ನೆಡುತೋಪಿನ ಗುತ್ತಿಗೆದಾರನ ಆಳುಗಳು ತನ್ನ ಗುಡಿಸಲು ಕಿತ್ತದ್ದು, ಒಲೆಯ ಮೇಲಿದ್ದ ಅನ್ನವನ್ನು ಕಾಲಿನಿಂದ ಒದ್ದದ್ದು, ಎಲ್ಲವನ್ನೂ ಒಬ್ಬೊಬ್ಬರ ಹೆಸರು ಹಿಡಿದು ಹೇಳಿದಳು. ಆಮೇಲೆ ನೀರು ಕೇಳಿ ಕುಡಿದಳು.

"ನನ್ನ ಮಾತು ಎಲ್ಲಿ ಇಡ್ತೀಯವ್ವಾ?"

ಕೇಳಿದ್ದು ಜುಲಿಯಾನಾಳನ್ನು. ತೇರಗಾಂವದ ಕಡೆಯ ಸಿದ್ದಿ ಹುಡುಗಿ. ಕಚೇರಿಯ ಕಂಪ್ಯೂಟರುಗಳೆಲ್ಲ ಅವಳ ಸುಪರ್ದಿಯಲ್ಲಿದ್ದವು. ಅವಳು ಸೂರಿನ ಕೆಳಗೆ ಹಾದುಹೋಗಿದ್ದ ನೀಲಿ ತಂತಿಯನ್ನು ತೋರಿಸಿದಳು.

ಹಿಂದಿನ ವರ್ಷ ಸಿಡಿಲು ಬಡಿದು, ಧ್ವನಿಗಳನ್ನೆಲ್ಲ ಇಟ್ಟಿದ್ದ ಸರ್ವರ್ ಸುಟ್ಟಿತ್ತು. ಅದಕ್ಕೇ ಅವಳೂ ವೈರಿಂಗಿನ ಹುಸೇನಸಾಬನೂ ಸೇರಿ, ಹೊಸ ಸರ್ವರಿನಿಂದ ಹಿತ್ತಲ ಹೊಲಿಗೆ ಕೋಣೆಯ ಇನ್ನೊಂದು ಕಂಪ್ಯೂಟರಿಗೆ ಈ ತಂತಿ ಎಳೆದಿದ್ದರು. ಈ ಎರಡರ ನಡುವೆ ಮೂರನೆಯವರಿಲ್ಲ. ಫೋನಿನ ಲೈನು, ಇಂಟರ್ನೆಟ್ಟು ಯಾವುದೂ ಇದನ್ನು ಮುಟ್ಟುವುದಿಲ್ಲ. ದಿನಾ ಸಂಜೆ ಸರ್ವರಿನಲ್ಲಿದ್ದುದೆಲ್ಲ ಆ ಕೋಣೆಗೆ ನಕಲಾಗುತ್ತಿತ್ತು. ಅಲ್ಲಿ ಜಾಗ ಕಡಿಮೆ. ಹಾಗಾಗಿ ಇಲ್ಲಿ ಅಳಿಸಿದ್ದು ಅಂದು ಸಂಜೆ ಅಲ್ಲಿಯೂ ಅಳಿಯುವಂತೆ ಮಾಡಿದ್ದಳು.

ಕೆಲಸ ಮುಗಿದ ದಿನ ಹುಸೇನಸಾಬ ಏಣಿಯ ಮೇಲಿಂದಲೇ ಎಚ್ಚರಿಸಿದ್ದ: "ಬೇಟಿ, ಗುಡುಗಿದ್ರ ಮೊದ್ಲ ಇದನ್ನ ಕಿತ್ತಿಡು. ಸಿಡಿಲಿಗೆ ತಂತಿ ಅಂದ್ರ ಅಳಿಯಗ ಅತ್ತಿ ಮನಿ ದಾರಿ ಇದ್ದಂಗ. ಕರೀದಿದ್ರೂ ಬರ್ತೈತಿ."

ನಾನಿಬಾಯಿ ತಂತಿಯನ್ನು ಕಣ್ಣಲ್ಲೇ ಹಿತ್ತಲತನಕ ಹಿಂಬಾಲಿಸಿದಳು. "ನಾವೂ ಅರ್ಧ ಬೀಜದ ಭತ್ತ ತಂಗಿ ಮನ್ಯಾಗ ಇಡ್ತೇವಿ. ನಮ್ಮನಿ ಸುಟ್ರೂ ಬಿತ್ತಾಕ ಇರ್ತೈತಿ," ಎಂದು ಸೆರಗು ಕೊಡವಿ ಎದ್ದಳು.

ಮುಂದಿನ ವಾರ ಮಧ್ಯಾಹ್ನವೇ ಮೋಡ ಕಟ್ಟಿ ಗುಡುಗಿತು. ಜುಲಿಯಾನಾ ತಂತಿಯನ್ನು ಎರಡೂ ತುದಿಯಲ್ಲಿ ಕಿತ್ತಿಟ್ಟು ಊರಿಗೆ ಹೋದಳು. ಮರುದಿನ ಬೆಳಿಗ್ಗೆ ಆಕಾಶ ತೊಳೆದಂತಿತ್ತು. ತಂತಿ ಸಿಗಿಸುವ ಮೊದಲು ಅಭ್ಯಾಸದಂತೆ ಸರ್ವರಿನ ಧ್ವನಿಗಳನ್ನು ಕಿವಿಗೊಟ್ಟು ಕೇಳಿ ಪರೀಕ್ಷಿಸಿದಳು. ನಾನಿಬಾಯಿಯ ಹಾಡು ಮುಗಿಯಿತು. ಮುಂದೆ ಏನೂ ಇರಲಿಲ್ಲ.

ಹಿತ್ತಲ ಕೋಣೆಗೆ ಓಡಿದಳು. ಅಲ್ಲಿಯ ಕಂಪ್ಯೂಟರಿನಲ್ಲಿ ಹಾಡು ಮುಗಿಯಿತು, ನಾನಿಬಾಯಿ ಕೆಮ್ಮಿದಳು, ಮಾತು ಶುರುವಾಯಿತು.

ಕಚೇರಿಯ ಮುಖ್ಯಸ್ಥ ಮಾಲತೇಶ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಚಹದ ಕಪ್ಪು.

"ಇಲ್ಲಿನೂ ಐತೇನು? ನಿನ್ನೆ ಸಂಜೀಕ ಹೋಗಿರತೈತಿ ಅಂದ್ಕೊಂಡಿದ್ದೆ."

"ಗುಡುಗಿತ್ತಲ್ರಿ ಸರ್. ತಂತಿ ಕಿತ್ತಿದ್ದೆ. ಯಾಕ ಅಳಿಸಿದ್ರಿ?"

"ಮ್ಯಾಲಿನವರು ಹೇಳ್ಯಾರ. ಹಾಡು ಛಲೋ ಐತಿ, ಇರ್ಲಿ. ಉಳಿದದ್ದು ಬ್ಯಾಡ."

"ಉಳಿದದ್ದು ಅಂದ್ರ ಆಕಿ ಮನಿ, ಸರ್."

"ಆ ಗುತ್ತಿಗೆದಾರರು ನಮ್ಮ ಹೊಸ ಕಟ್ಟಡಕ್ಕ ಕಲ್ಲು ಕೊಡಾಕತ್ತಾರ. ನಿನಗ ತಿಳಿಯಂಗಿಲ್ಲ."

"ತಿಳೀತೈತ್ರಿ. ಆಕಿ ಒಲಿ ಕಲ್ಲೂ ಅದರಾಗ ಇದ್ದೀತು, ನೋಡಿ ಇಳಿಸಿಕೊಳ್ರಿ."

ಮಾಲತೇಶನಿಗೆ ನಗು ಬಂತು. ಕೆಟ್ಟವನೇನಲ್ಲ; ನಗು ಬರುವ ಮಾತಿಗೆ ನಗುತ್ತಾನೆ, ಹೇಳಿದ ಕೆಲಸ ಮಾಡುತ್ತಾನೆ. ಇಂಥವರಿಂದಲೇ ಎಲ್ಲವೂ ನಡೆಯುತ್ತದೆ.

"ಬಾಯಿ ಭಾಳ ಆತು ನಿಂದು," ಎಂದ. "ಇನ್ನೇನು ಗುಡುಗಂಗಿಲ್ಲ. ತಂತಿ ಸಿಗಿಸು. ಸಂಜೀಕ ತಾನ ಅಳೀತೈತಿ, ನೀ ಅಳಿಸಿದಂಗೂ ಆಗಂಗಿಲ್ಲ."

ಜುಲಿಯಾನಾ ಕೆಳಗೆ ಬಿದ್ದಿದ್ದ ತಂತಿಯ ತುದಿಯನ್ನು ಎತ್ತಿಕೊಂಡಳು. ಬಾವಿಯ ಹಗ್ಗ ಸುತ್ತುವ ಹಾಗೆ ಅದನ್ನು ಮೊಣಕೈಗೆ ಸುತ್ತತೊಡಗಿದಳು.

"ಆಕಿ ಬಂದು ಅಳಿಸು ಅನ್ಲಿ, ಅಳಿಸ್ತೇನಿ," ಅಂದಳು. "ಅಲ್ಲೀತನಕ ಸಿಗಿಸಂಗಿಲ್ರಿ ಸರ್."