ಮಾತಿನ ದೋಷ

ನೊಣ ಮತ್ತೆ ಲೋಟದ ಅಂಚಿಗೆ ಬಂದು ಕೂತಿತು, ಓಡಿಸುವ ಶಕ್ತಿಯೂ ಇಲ್ಲ, ಕಾಫಿ ಯಾವಾಗಲೋ ತಣ್ಣಗಾಗಿದೆ, ಕಿಟಕಿಯಾಚೆ ಶಹೀಲಿ ಬೀಸುತ್ತಿದೆ, ಮರಳುಗಾಡಿನ ಈ ಬಿಸಿಗಾಳಿ ಒಮ್ಮೆ ನಮ್ಮ ಬಾತ್ನಾ ಊರಿಗೆ ಬಂತೆಂದರೆ ಮೂರು ದಿನ ಕದಲುವುದಿಲ್ಲ — ಬೆಳಗಿನಿಂದ ಇಪ್ಪತ್ತಮೂರು ಮಕ್ಕಳು ಎದುರಿನ ಕುರ್ಚಿಯಲ್ಲಿ ಕೂತು ಎದ್ದುಹೋದರು, ಈ ಶಿಕ್ಷಕರ ಕಾಲೇಜಿಗೆ ಸೇರಿ ಮಾಸ್ತರಾಗಲು ಯೋಗ್ಯರೋ ಅಲ್ಲವೋ ಎಂದು ನೋಡುವುದು ನಮ್ಮ ಕೆಲಸ, ನನ್ನದು ಮತ್ತು ಪಕ್ಕದಲ್ಲಿ ಕೂತ ವಸೀಲಾಳದು, ಬೋಧನೆ ಪವಿತ್ರ ವೃತ್ತಿ ಶೇಖ್ ಎಂದು ಎಲ್ಲರೂ ಒಂದೇ ಪಾಠ ಒಪ್ಪಿಸಿದರು, ಮಾಸ್ತರನ್ನು ಇಲ್ಲಿ ಶೇಖ್ ಎಂದೇ ಕರೆಯುವುದು, ಯಾವ ಕೋರ್ಸು ಮಗಾ ಎಂದರೆ ಐದು ವರ್ಷದ್ದು ಶೇಖ್, ಹೈಸ್ಕೂಲಿಗೆ, ಅದು ಸಿಗದಿದ್ರೆ ನಾಲ್ಕು ವರ್ಷದ್ದು, ಮಾಧ್ಯಮಿಕಕ್ಕೆ, ಪ್ರಾಥಮಿಕ ಶಾಲೆಯ ಮೂರು ವರ್ಷದ್ದನ್ನು ಕೇಳುವವರೇ ಇಲ್ಲ, ಒಬ್ಬ ಮಾತ್ರ ನಿಜ ನುಡಿದ, ಇಲ್ಲಿ ಓದಿದ್ರೆ ಸರ್ಕಾರನೇ ಕೆಲಸ ಕೊಡುತ್ತಲ್ಲ ಶೇಖ್, ಬೇರೆ ಏನು ಓದಿದ್ರೂ ಕಾಫಿ ಅಂಗಡೀಲಿ ಕೂತು ಗೋಡೆಗೆ ಒರಗೋದೇ, ವಸೀಲಾ ನಕ್ಕಳು, ನನಗೆ ನಗಲಿಕ್ಕೂ ಬೇಸರ, ಮೂವತ್ತೊಂದು ವರ್ಷ ಪಾಠ ಮಾಡಿದವನ ಗಂಟಲು ಹರಿದ ಚಪ್ಪಲಿಯಂತಾಗಿದೆ.

ಇಪ್ಪತ್ತನಾಲ್ಕನೆಯವಳು ಈಗಷ್ಟೇ ಹೊರಗೆ ಹೋದಳು, ಬಾಗಿಲು ಇನ್ನೂ ಪೂರ್ತಿ ಮುಚ್ಚಿಲ್ಲ, ಹೆಸರೇನಮ್ಮಾ ಎಂದಿದ್ದೆ, ಖು, ಖು ಎಂದು ತುಟಿ ಅಲ್ಲೇ ಸಿಕ್ಕಿಕೊಂಡಿತು, ಖುಲೂದ್ ತಾನೇ, ಕಡತ ನೋಡಿ ನಾನೇ ಹೇಳಿಬಿಟ್ಟೆ, ಹೇಳುತ್ತಲೇ ಪೆನ್ನು ತನ್ನಷ್ಟಕ್ಕೆ ಫಾರಮ್ಮಿನ ಮೇಲೆ ಇಳಿಯಿತು, ಮಾತಿನ ದೋಷ — ಇದೆ, ಅಷ್ಟೇ, ಆ ಚೌಕದಲ್ಲಿ ಗುರುತು ಬಿದ್ದರೆ ಅಂಕ ಎಷ್ಟೇ ಇರಲಿ ಅರ್ಜಿ ಅಲ್ಲಿಗೆ ಮುಗಿಯಿತು, ಅವಳಿಗೆ ಗೊತ್ತಿರಲಿಲ್ಲ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು ಪಾಪ, ಅಂಕ ಇಪ್ಪತ್ತಕ್ಕೆ ಹದಿನಾರೂವರೆ, ಔಷಧಶಾಸ್ತ್ರವೂ ಸಿಗುತ್ತೆ, ಐದು ವರ್ಷದ ಭೌತಶಾಸ್ತ್ರವೂ ಸಿಗುತ್ತೆ, ಅರ್ಜಿಯಲ್ಲಿ ಮೊದಲ ಆಯ್ಕೆ ಮೂರು ವರ್ಷದ್ದು, ಪ್ರಾಥಮಿಕ, ತಲೆ ಕೆಟ್ಟಿದೆಯಾ ಈ ಹುಡುಗಿಗೆ — ಮುಗಿದ ಅರ್ಜಿ, ಆದರೂ ಕಳಿಸುವ ಮುಂಚೆ ಒಂದು ಪ್ರಶ್ನೆ ಕೇಳಬೇಕಲ್ಲ, ಎಲ್ಲರಿಗೂ ಕೇಳಿದ್ದೇ ಕೇಳಿದೆ, ಮಗು ಹಲಗೆಯ ಮುಂದೆ ನಿಂತು ಬಾಯಿ ಬಿಡ್ತಾ ಇಲ್ಲ, ಏನು ಮಾಡ್ತೀಯಾ, ಪ್ರೋತ್ಸಾಹ ಕೊಡ್ತೀನಿ ಶೇಖ್, ಚಿತ್ರ ತೋರಿಸ್ತೀನಿ ಶೇಖ್, ಉಳಿದವರು ಪಟಪಟನೆ ಒದರಿದ್ದರು, ಇವಳು ಕಾ ಎಂದಳು, ಕಾ, ಮತ್ತೆ ಕಾ, ಕುತ್ತಿಗೆಯ ನರ ಉಬ್ಬಿತು, ನೋಡಲಾಗಲಿಲ್ಲ ನನಗೆ, ಧೈರ್ಯ ತುಂಬ್ತೀಯಾ ಅಂತ ತಾನೇ, ಆಯ್ತು ಹೋಗಮ್ಮಾ, ಎಂದೆ, ಆಗ ಅವಳು ಕೈ ಎತ್ತಿದಳು, ಅಂಗೈ ನನ್ನ ಕಡೆಗೆ, ಯಾರದೋ ಮದುವೆಯ ಮದರಂಗಿ ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ ಅಂಗೈ, ಸಿಟ್ಟಿಲ್ಲ, ಮಧ್ಯೆ ಬಾಯಿ ಹಾಕುವ ಹುಡುಗನನ್ನು ತಡೆಯುತ್ತೇವಲ್ಲ ಹಾಗೆ, ತಾಳು ಎಂದು, ನನಗೆ, ಮೂವತ್ತೊಂದು ವರ್ಷದ ಮಾಸ್ತರಿಗೆ, ಕೋಣೆಯಲ್ಲಿ ಫ್ಯಾನಿನ ಸದ್ದು, ಎಷ್ಟು ಹೊತ್ತೋ, ಕೊನೆಗೆ ಹೇಳಿದಳು, ಕಾಯ್ತೀನಿ.

ಅಷ್ಟೇ ಹೇಳಿ ಎದ್ದು ಹೋದಳು, ಕಾಯ್ತಾಳಂತೆ, ಒಂದೊಂದು ತರಗತಿಯಲ್ಲಿ ನಲವತ್ತೆರಡು ಮಕ್ಕಳು, ಮುಕ್ಕಾಲು ಗಂಟೆ, ಯಾರಿಗಿದೆ ಪುರುಸೊತ್ತು, ನಾನು ಯಾರಿಗೂ ಕಾಯಲಿಲ್ಲ, ತಡವರಿಸಿದವನ ಉತ್ತರ ನಾನೇ ಹೇಳಿ ಕೂತ್ಕೋ ಎಂದೆ, ಮುಂದಿನವನು ಏಳು ಎಂದೆ — ತಿಜಾನಿ, ಮೂರನೇ ಬೆಂಚು, ಎಷ್ಟು ಸಲ ಕೂರಿಸಿದೆನೋ, ಈಗ ಸಂತೆಯಲ್ಲಿ ತರಕಾರಿ ಮಾರುತ್ತಾನೆ, ಗಿರಾಕಿಗಳ ಜೊತೆ ಬಾಯಿ ತುಂಬಾ ಹರಟುತ್ತಾನೆ, ನನ್ನನ್ನು ಕಂಡರೆ ಮಾತು ನಿಲ್ಲುತ್ತದೆ, ಬೆಲೆ ಕೇಳಿದರೆ ಬೆರಳು ತೋರಿಸುತ್ತಾನೆ, ಗೌರವ ಅಂದುಕೊಂಡಿದ್ದೆ ಇಷ್ಟು ವರ್ಷ, ಎಂಥಾ ಗೌರವ, ಮಣ್ಣು, ನಾಚಿಕೆಯಾಗುತ್ತಿದೆ ನನಗೆ, ಆ ಅಂಗೈ ಕಣ್ಣೆದುರಿನಿಂದ ಹೋಗುತ್ತಿಲ್ಲ, ಫಾರಂ ಆಗಲೇ ವಸೀಲಾಳ ಮುಂದೆ ಇದೆ, ಪಾಪ ಹುಡುಗಿ, ನಿಯಮ ನಿಯಮವೇ ಅಲ್ವಾ ಶೇಖ್, ಎನ್ನುತ್ತಾ ಪೆನ್ನಿನ ಮುಚ್ಚಳ ತೆಗೆದಳು, ಅವಳ ಸಹಿಯೂ ಬಿದ್ದರೆ ಆಯಿತು, ಸಹಿ ಹಾಕಬೇಡ ಎಂದೆ, ಕೈ ಚಾಚಿ ಕಾಗದ ಎಳೆದುಕೊಂಡೆ, ಯಾಕೆ ಶೇಖ್, ಏನಾಯ್ತು, ಹೇಳಬೇಕು ಇವಳಿಗೆ, ಹುಡುಗಿ ಹೆಸರು ಹೇಳಿ ಮುಗಿಸುವ ಮೊದಲೇ ಗುರುತು ಹಾಕಿದೆ ಎಂದು, ಹೊಸ ಫಾರಂ ತರಿಸು ಎಂದು, ಇಷ್ಟು ಜನರಲ್ಲಿ ಕಲಿಸಲು ಬರುವವಳು ಅವಳೊಬ್ಬಳೇ ಎಂದು, ನಾನು ಎಂದೆ, ನಾನು — ಸುಸ್ತಾಗಿದೆ ಅಂತ ತಾನೇ, ವಸೀಲಾ ನನ್ನ ಮಾತು ಮುಗಿಸಿಕೊಟ್ಟಳು, ಈ ಬಿಸಿಲಿಗೆ ಯಾರಿಗಾಗಲ್ಲ ಹೇಳಿ, ಮನೆಗೆ ಹೋಗಿ ಮಲಗಿ, ಉಳಿದವರನ್ನ ನಾನು ನೋಡ್ಕೋತೀನಿ, ಫಾರಂ ಇತ್ತ ಕೊಡಿ, ಅಲ್ಲ ಎನ್ನಬೇಕು, ಅಲ್ಲ, ಮಾತು ಹೊರಡುತ್ತಿಲ್ಲ, ನನ್ನ ಕೈ ಎದ್ದಿದೆ, ಮೇಜಿನ ಮೇಲೆ, ಅವಳ ಮುಖದೆದುರು, ಅಂಗೈ, ತೆರೆದ ಅಂಗೈ, ಅಂಗೈ